ಗೆಳೆಯನಿಗೊಂದು ಪತ್ರ: ಬಟ್ಟಿ ತಿಕ್ಕಿಸಿಕೊಳ್ಳಬೇಡ

ರಾಯಚೂರು

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬಲ ತೊಡೆಸಂದಿನಲ್ಲಿ ನಿಂಬೆಕಾಯಿಯಷ್ಟು ಗಂಟು, ನಿಂತರೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ ಎಂದೆ. ಎರಡು ವರ್ಷದಿಂದ ಲುಂಗಿಯನ್ನು ಬಿಗಿದು ಕಟ್ಟಿ, ಕಾರಟಗಿಯ ರೈಸ್‌ಮಿಲ್ಲಿನಲ್ಲಿ 75 ಕಿಲೋ ಭತ್ತದ ಚೀಲ ಹೊರುತ್ತಲೇ ಇದ್ದೀಯಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಈಗ ನೋವು ಬಂದರೆ, ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳಿನ ನಾಡಿ ಜಾರಿದೆ, ತಿಕ್ಕಿಸಿಕೊಂಡರೆ ಸರಿಹೋಗುತ್ತದೆ ಎನ್ನುತ್ತೀಯ. ಅದು ಬಟ್ಟಿಯಲ್ಲ, ಹರ್ನಿಯಾ ಇರಬೇಕು: ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಕರುಳು ಹೊರಕ್ಕೆ ಇಳಿಯುವುದು. ಆ ಒಂದು ಮಾತಿಗಾಗಿಯೇ ಈ ಪತ್ರ. ನಿನ್ನ ಹೆಸರು ಬಿಟ್ಟು ಎಲ್ಲರೂ ಓದಲಿ ಎಂದು ಹಾಕುತ್ತಿದ್ದೇನೆ. ನಿನ್ನಂತೆ ಮುಚ್ಚಿಟ್ಟುಕೊಂಡ ಹಮಾಲರು ನಮ್ಮ ಗಂಜ್ ಮಾರುಕಟ್ಟೆಯಲ್ಲೂ ಇದ್ದಾರೆ.

ನಮ್ಮ ಕಾಕಾ ಹೀಗೆಯೇ ಮಾಡಿದ್ದರು. ಎರಡು ದಿನ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿಕೊಂಡರು. ಮೂರನೆಯ ದಿನ ಗಂಟು ಕೆಂಪಾಗಿ ಕಲ್ಲಿನಂತಾಯಿತು, ಜ್ವರ, ವಾಂತಿ. ಕರುಳು ಸಿಕ್ಕಿಕೊಂಡಿದೆ ಎಂದುಕೊಂಡೇ ಆಪರೇಷನ್‌ಗೆ ಒಯ್ದರು. ತೆರೆದು ನೋಡಿದರೆ ಅಲ್ಲಿ ಇಳಿದು ಊದಿಕೊಂಡಿದ್ದದ್ದು ಅಪೆಂಡಿಕ್ಸ್! ಇದಕ್ಕೆ ಆಮ್ಯಾಂಡ್ ಹರ್ನಿಯಾ ಎಂಬ ಹೆಸರಿದೆ ಎಂದು ಸರ್ಜನ್ ಹೇಳಿದರು. 1735ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಆಮ್ಯಾಂಡ್ 11 ವರ್ಷದ ಹುಡುಗನೊಬ್ಬನ ಹರ್ನಿಯಾ ತೆರೆದಾಗ ಒಳಗೆ ಅಪೆಂಡಿಕ್ಸ್ ಇತ್ತು. ಹುಡುಗ ನುಂಗಿದ್ದ ಗುಂಡುಸೂಜಿ ಅದನ್ನು ತೂತು ಮಾಡಿತ್ತು. ಅರಿವಳಿಕೆ ಬರಲು ಇನ್ನೂ ನೂರು ವರ್ಷಗಳಿದ್ದವು. ಸುಮಾರು ಅರ್ಧ ಗಂಟೆ ಆ ಮಗು ಎಚ್ಚರದಲ್ಲೇ ಸಹಿಸಿತು, ಬದುಕಿತು. ಯಶಸ್ವಿಯಾದ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಲ್ಲಿ ದಾಖಲೆಗೆ ಸಿಗುವ ಮೊದಲನೆಯದು ಅದೇ. ನೆನೆದಾಗಲೆಲ್ಲ ಕರುಳು ಚುರ್ರೆನ್ನುತ್ತದೆ.

ನೀನು ನಾಚುವುದೇಕೆ ಎಂದು ನನಗೆ ಗೊತ್ತು. ಆದರೆ ಕೇಳು. ತಾಯಿಯ ಗರ್ಭದಲ್ಲಿ ಆರನೆಯ ವಾರದ ಸುಮಾರಿಗೆ ನಮ್ಮೆಲ್ಲರ ಕರುಳೂ ಜಾಗ ಸಾಲದೆ ಹೊಟ್ಟೆಯಿಂದಾಚೆ, ಹೊಕ್ಕುಳಬಳ್ಳಿಯೊಳಗೆ ಸೇರಿಕೊಂಡಿರುತ್ತದೆ. ಹತ್ತನೆಯ ವಾರದ ಹೊತ್ತಿಗೆ ತಿರುಗುತ್ತ ತಿರುಗುತ್ತ ಮರಳಿ ತನ್ನ ಸ್ಥಾನ ಹಿಡಿಯುತ್ತದೆ. ಗಂಡುಮಗುವಿನ ವೃಷಣಗಳೂ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಬಳಿ. ಏಳನೆಯ ತಿಂಗಳ ಹೊತ್ತಿಗೆ ತೊಡೆಸಂದಿನ ಓಣಿ ಹಿಡಿದು ಕೆಳಗಿಳಿಯುತ್ತವೆ. ಅವುಗಳ ಜೊತೆಗೆ ಹೊಟ್ಟೆಯ ಒಳಪೊರೆಯ ಒಂದು ಚೀಲವೂ ಇಳಿಯುತ್ತದೆ. ಆಮೇಲೆ ಅದು ಮುಚ್ಚಿಕೊಳ್ಳಬೇಕು, ಕೆಲವರಲ್ಲಿ ಮುಚ್ಚುವುದಿಲ್ಲ. ಬಲಗಡೆಯ ವೃಷಣ ತಡವಾಗಿ ಇಳಿಯುವುದರಿಂದ ಆ ಕಡೆಯೇ ಹರ್ನಿಯಾ ಹೆಚ್ಚು. ನೀನು ಉಸಿರು ಬಿಗಿಹಿಡಿದು ಚೀಲ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಇಂಥ ಜಾಗದಲ್ಲೇ ದಾರಿ ಮಾಡಿಕೊಳ್ಳುತ್ತದೆ. ನಿನ್ನ ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾರಾಯ.

ಬಟ್ಟಿ ನೋಡುವವರು ಹೊಕ್ಕುಳಿನ ಹತ್ತಿರ ಬೆರಳಿಟ್ಟು ಹುಡುಕುವ ಬಡಿತ ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳದ್ದು, ಮಹಾಧಮನಿಯದು. ಅದು ಎಲ್ಲಿಗೂ ಜಾರುವುದಿಲ್ಲ. ಇಳಿದು ಸಿಕ್ಕಿಕೊಂಡ ಕರುಳನ್ನು ಎಣ್ಣೆ ಹಚ್ಚಿ ಒತ್ತಿಸಿದರೆ ಅದು ಒಡೆದುಹೋಗಬಹುದು. ಅದಿಲ್ಲದಿದ್ದರೂ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು. ಗಂಟು ಒಳಗೆ ಹೋಗದೆ ಗಟ್ಟಿಯಾಯಿತು, ವಾಂತಿಯಾಯಿತು, ಗಾಳಿ ಹೋಗಲಿಲ್ಲ ಎಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಟುಬಿಡು. ಬೆಲ್ಟ್ ಕಟ್ಟಿಕೊಂಡು ದಿನ ದೂಡಬೇಡ. ಬೆಲ್ಟ್ ಆ ದಾರಿಯನ್ನು ಮುಚ್ಚುವುದಿಲ್ಲ.

ಈಗ ಆಪರೇಷನ್ನಿನಲ್ಲಿ ದುರ್ಬಲವಾದ ಜಾಗಕ್ಕೆ ಜಾಳಿಗೆಯಂಥ ಮೆಶ್ ಇಟ್ಟು ಹೊಲಿಯುತ್ತಾರೆ. ಬಡವರಿಗೆ ಅದೂ ದುಬಾರಿಯೆಂದು ಮಹಾರಾಷ್ಟ್ರದ ಡಾ. ಟೊಂಗಾವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಗೊಳಿಸಿ ಬಳಸಿ ತೋರಿಸಿದರು. ಕಾಕಾಗೆ ಸೋಂಕು ಇದ್ದದ್ದರಿಂದ ಮೆಶ್ ಹಾಕಲಾಗಲಿಲ್ಲ, ಬರೀ ಹೊಲಿಗೆ. ಬೇಗ ಬಂದಿದ್ದರೆ ಆ ಪಾಡು ಇರಲಿಲ್ಲ.

ಸೋಮವಾರ ಬೆಳಗಿನ ಮೊದಲ ಬಸ್ ಹಿಡಿದು ಬಾ. ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಅಲ್ಲಿಯವರೆಗೆ ಚೀಲ ಮುಟ್ಟಬೇಡ. ಮೇಸ್ತ್ರಿಗೆ ನಾನೇ ಫೋನ್ ಮಾಡುತ್ತೇನೆ. ಬಸ್ ನಿಲ್ದಾಣಕ್ಕೆ ಕಾಕಾನೂ ಬರುತ್ತಾರೆ. ಅವರೂ ವರ್ಷಗಟ್ಟಲೆ ಯಾರಿಗೂ ಹೇಳದೆ ಮುಚ್ಚಿಟ್ಟವರು. ಹೊಲಿಗೆಯ ಗುರುತನ್ನು ನಿನಗೆ ತಾವೇ ತೋರಿಸುತ್ತಾರಂತೆ.

ನಿನ್ನ,
ಗೆಳೆಯ