ಅಪ್ಪನ ಮನೆಯ ಸಹಿ ವಿಷಯ

ಮಸ್ಕತ್

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮ. ಗವಿಮಠದ ಜಾತ್ರೆಗೆ ಈ ಸಲವೂ ಬರಲಾಗಲಿಲ್ಲ. ವೈನಿ ಕಳಿಸಿದ ತೇರಿನ ವಿಡಿಯೋ ನೋಡಿಯೇ ಕೈ ಮುಗಿದೆವು.

ತೀರಿಹೋದ ಅಪ್ಪನ ಮನೆಯಲ್ಲಿ ನನ್ನ ಪಾಲು ನಿನಗೆ ಬಿಟ್ಟುಕೊಡುತ್ತೇನೆ ಅಂತ ನೀನು ಬರೆಸಿ ವಾಟ್ಸಾಪ್‌ನಲ್ಲಿ ಕಳಿಸಿದ ಒಪ್ಪಿಗೆ ಪತ್ರ ಓದಿದೆ. ಬಾಂಡ್ ಪೇಪರ್ ಮೇಲೆ ‘ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ’ ಅಂತ ಚೆಂದಾಗಿ ಟೈಪ್ ಮಾಡಿಸಿದ್ದೀಯ. ನನ್ನ ವಯಸ್ಸನ್ನೂ ಐದು ವರ್ಷ ಇಳಿಸಿದ್ದಾರೆ, ಅದಕ್ಕೇನೂ ಬೇಜಾರಿಲ್ಲ! ಆದರೆ ಇದಕ್ಕೆ ಸಹಿ ಹಾಕಿದರೂ ಉಪಯೋಗವಿಲ್ಲ. ಮನೆಯಲ್ಲಿನ ಪಾಲು ಬಿಟ್ಟುಕೊಡಬೇಕಾದರೆ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು. ಬರೀ ನೋಟರಿ ಸಾಲದು. ಮಹಡಿ ಕಟ್ಟಲು ಸಾಲ ಕೊಡುವ ಬ್ಯಾಂಕಿನವರು ಮೊದಲು ಅದನ್ನೇ ಕೇಳುತ್ತಾರೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆ ಪತ್ರದಲ್ಲಿ ಅಜ್ಜಿಯ ಹೆಸರೇ ಇಲ್ಲ. ಮನೆ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು, ವಿಲ್ ಬರೆದಿಡಲಿಲ್ಲ. ಹಾಗಾದಾಗ ಹೆಂಡತಿ, ಮಕ್ಕಳ ಜೊತೆ ತೀರಿಕೊಂಡವರ ತಾಯಿಗೂ ಸಮಪಾಲು. ಅಂದರೆ ಅವ್ವ, ಅಜ್ಜಿ, ನೀನು, ನಾನು, ತಲಾ ಕಾಲು ಭಾಗ. ಕಟ್ಟೆ ಮೇಲೆ ಎಲೆಅಡಿಕೆ ಕುಟ್ಟುತ್ತಾ ಕೂರುವ ಅಜ್ಜಿಯೂ ಆ ಮನೆಯ ಮಾಲೀಕಳೇ ಅಂತ ನಮಗ್ಯಾರಿಗೂ ಹೊಳೆದಿಲ್ಲ ನೋಡು. ನಾಳೆ ಅಜ್ಜಿ ಇಲ್ಲವಾದರೆ ಅವಳ ಪಾಲಿಗೆ ಕಾಕಾ, ಅತ್ತೆಯರೂ ವಾರಸುದಾರರು. ಆಮೇಲೆ ಎಷ್ಟು ಮನೆ ಬಾಗಿಲಿಗೆ ಸಹಿಗಾಗಿ ಅಲೆಯುತ್ತೀಯ?

ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ ಅಂತ ಕಾಕಾ ಹೇಳಿದರಂತೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಪ್ಪನ ಸ್ವಂತ ಗಳಿಕೆಯಲ್ಲಿ ಮಗಳಿಗೆ 1956ರಿಂದಲೇ ಪಾಲಿದೆ. ಕಾಕಾ ಹತ್ತಿರ ಜಗಳ ತೆಗೆಯಬೇಡ, ಸುಮ್ನೆ ತಿಳಿಸು.

ನಗರಸಭೆಯಲ್ಲಿ ಖಾತೆ ನಿನ್ನ ಹೆಸರಿಗೆ ಮಾಡಿಸಿದರೆ ಮುಗಿಯಿತು ಅನ್ನುತ್ತಿದ್ದೆ. ಖಾತೆ ಇರುವುದು ಕಂದಾಯ ಕಟ್ಟುವುದಕ್ಕೆ, ಅದರಿಂದಲೇ ಮಾಲೀಕತ್ವ ಬರುವುದಿಲ್ಲ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಸದ್ಯ ಎಲ್ಲ ವಾರಸುದಾರರ ಹೆಸರಿಗೂ ಇ-ಖಾತೆ ಮಾಡಿಸು. ವಂಶವೃಕ್ಷದಲ್ಲಿ ಅಜ್ಜಿಯನ್ನಾಗಲಿ ನನ್ನನ್ನಾಗಲಿ ಬಿಡಬೇಡ. ಬಿಟ್ಟರೆ ಅದೇ ಮುಂದೆ ಕೋರ್ಟಿಗೆ ಎಳೆಯುತ್ತದೆ.

ನನ್ನ ಪಾಲು ನನಗೆ ಬೇಡ. ಅದನ್ನು ಅವ್ವನಿಗೆ ಬಿಟ್ಟುಕೊಡುತ್ತೇನೆ, ನಿನಗಲ್ಲ. ಸಿಟ್ಟಾಗಬೇಡ. ನಿನ್ನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಸಾಲ ನಿನ್ನ ತಲೆ ಮೇಲೆ ಬರುತ್ತದೆ, ಕಂತು ತಪ್ಪಿದರೆ ಅಡವಿಟ್ಟ ಮನೆಗೇ ಕುತ್ತು. ಅರ್ಧ ಮನೆ ಅವ್ವನ ಹೆಸರಲ್ಲಿದ್ದರೆ ಅವಳನ್ನು ಕೇಳದೆ ಏನೂ ನಡೆಯುವುದಿಲ್ಲ, ಅಲ್ವಾ?

ಅದಕ್ಕೆ ನಾನು ಊರಿಗೆ ಬರಬೇಕಿಲ್ಲ. ಇದೊಂದೇ ಕೆಲಸಕ್ಕೆ ನನ್ನ ಪರವಾಗಿ ಸಹಿ ಹಾಕಲು ನಿನಗೆ ಪವರ್ ಆಫ್ ಅಟಾರ್ನಿ ಬರೆದು, ಇಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸುತ್ತೇನೆ. ಅದು ಕೈಗೆ ಸಿಕ್ಕ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಟ್ರಂಕಿನಲ್ಲಿ ಇಟ್ಟು ಮರೆಯಬೇಡ. ಮೊದಲು ವಕೀಲರಿಂದ ಕರಡು ಬರೆಸಿ ಕಳಿಸು, ಈ ಸಲ ವಯಸ್ಸು ಸರಿಯಾಗಿರಲಿ.

ಹಾಂ, ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಇದೆ. ನನ್ನ ಕಾಲು ಭಾಗದ ದುಡ್ಡು ಕಳಿಸಿದ್ದೇನೆ.

ಶುಕ್ರವಾರ ನನಗೆ ರಜೆ, ಅವತ್ತು ಫೋನ್ ಮಾಡು. ಅವ್ವ, ಅಜ್ಜಿ, ವೈನಿ ಎಲ್ಲರೂ ಪಕ್ಕದಲ್ಲಿರಲಿ.

ನಿನ್ನ ತಂಗಿ