ಹಳೇ ಬುಲೆಟ್‌ಗೆ ಮೊದಲು ಅದರ 18 ಎಚ್‌ಪಿ ವಾಪಸ್ ಕೊಡಿಸಿ

ಮಾನ್ಯ ಸಂಪಾದಕರೇ,

ಕರ್ಕಶ ಸೈಲೆನ್ಸರ್ ಹಾಕಿದ ಬುಲೆಟ್‌ಗಳನ್ನು ಪೊಲೀಸರು ಹಿಡಿಯುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಿಡಿಯಲಿ, ನನ್ನ ತಕರಾರಿಲ್ಲ. ಆಸ್ಪತ್ರೆಯ ಮುಂದೆ, ಪರೀಕ್ಷೆಗೆ ಮಕ್ಕಳು ಓದುವ ಹೊತ್ತಿನಲ್ಲಿ ಆ ಸದ್ದು ಯಾರಿಗೆ ಬೇಕು? ಆದರೆ ಸೈಲೆನ್ಸರ್ ಕಣ್ಣಿಗೂ ಬೀಳುತ್ತದೆ, ಕಿವಿಗೂ ಬೀಳುತ್ತದೆ. ಎಂಜಿನ್ ಬಿಚ್ಚಿ ಒಳಗೆ ಏನು ಮಾಡಿದ್ದಾರೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಪ್ಪನ ಕಾಲದಿಂದ ಲೇತು, ಬೋರಿಂಗ್ ಮಷಿನ್ ಇಟ್ಟುಕೊಂಡು ಸಿಲಿಂಡರ್ ಕೆಲಸ ಮಾಡುತ್ತಾ ಬಂದ ನಾನು ಆ ಒಳಗಿನ ಸಂಗತಿಯನ್ನೇ ಬರೆಯುತ್ತಿದ್ದೇನೆ.

ಅಪ್ಪನದ್ದೋ ಮಾವನದ್ದೋ ಹಳೇ ಬುಲೆಟ್ ಕೊಟ್ಟಿಗೆಯಿಂದ ಹೊರಗೆ ತೆಗೆದು, ರೆಡಿ ಮಾಡಿಸಿಕೊಂಡು, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಗೋವಾದವರೆಗೂ ಹೋಗಿಬರುವ ಹುಡುಗರು ಈಗ ನಮ್ಮ ಭಾಗದಲ್ಲಿ ಬಹಳ. ಗುಜರಿಗೆ ಹೋಗಬೇಕಾಗಿದ್ದ ಗಾಡಿ ರಸ್ತೆಗೆ ಬಂತಲ್ಲ ಅಂತ ನನಗೆ ಸಂತೋಷವೇ. ಕಷ್ಟ ಇರುವುದು ಅವರ ಬೇಡಿಕೆಯಲ್ಲಿ: ‘ಅಣ್ಣಾ, ಇದ್ರಾಗ ಐನೂರರ ಪಿಸ್ಟನ್ ಕುಂದ್ರಸ್ರಿ, ಗಾಡಿ ನೂರಾ ಇಪ್ಪತ್ತು ಹೊಡೀಬೇಕು.’

ಐನೂರು ಅಂದರೆ 500 ಸಿಸಿ ಬುಲೆಟ್; ಇವರ ಗಾಡಿಗಳು 350. ಹಳೇ 350ರ ಕಾಸ್ಟ್ ಐರನ್ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 70 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿ.ಮೀ. ಲೆಕ್ಕ ಹಾಕಿದರೆ 346 ಸಿಸಿ. 500ರದ್ದು ಸ್ಟ್ರೋಕ್ ಅಷ್ಟೇ, ಬೋರ್ ಮಾತ್ರ 84 ಮಿ.ಮೀ. ಈ ಸ್ಟ್ರೋಕ್ ಒಂದೇ ಅನ್ನುವುದೇ ಹುಡುಗರಿಗೆ ಆಸೆ ಹುಟ್ಟಿಸುವುದು. ಆದರೆ 70ರ ಬ್ಯಾರೆಲ್‌ನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರಿನಲ್ಲಿ) 84ರಷ್ಟು ಕೊರೆಯಲು ಕಬ್ಬಿಣ ಎಲ್ಲಿದೆ? ಬ್ಯಾರೆಲ್ಲೇ ಬೇರೆ ಬೇಕು. ಅದು ಕೂರಬೇಕಾದರೆ ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಬಾಯಿ ಅಗಲ ಮಾಡಬೇಕು. ಹೀಗೆ ಬೇರೆ ಕಡೆ ಮಾಡಿಸಿದ ಒಂದು ಎಂಜಿನ್ ನನ್ನ ಬೆಂಚಿಗೆ ಬಂದಿತ್ತು. ಬಾಯಿ ಅಗಲ ಮಾಡುವಾಗ ಸೆಂಟರ್ ತಪ್ಪಿತ್ತು. ಪಿಸ್ಟನ್ನಿನ ಒಂದೇ ಮಗ್ಗುಲು ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು, ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್, ಅಂದರೆ ಬಿಗ್ ಎಂಡ್, ಸಡಿಲವಾಗಿ ರಾಡ್ ಕೈಯಲ್ಲೇ ಮೇಲೆ ಕೆಳಗೆ ಆಡುತ್ತಿತ್ತು. ಆ ಹುಡುಗ ಅದಕ್ಕೆ ಸುರಿದ ದುಡ್ಡಿನಲ್ಲಿ ಇಡೀ ಎಂಜಿನ್ ಹೊಸದರಂತೆ ಆಗುತ್ತಿತ್ತು.

ಇನ್ನು ಕೆಲವರು 350ರ ಬ್ಯಾರೆಲ್ಲನ್ನೇ ಒಂದು ಮಿಲಿಮೀಟರ್ ದೊಡ್ಡದು ಮಾಡಿಸಿ ‘ಪವರ್ ಬಂತು’ ಅನ್ನುತ್ತಾರೆ. 70 ಇದ್ದದ್ದು 71 ಆದರೆ 346 ಸಿಸಿ 356 ಆಗುತ್ತದೆ. ಹೆಚ್ಚಿದ್ದು ಹತ್ತು ಸಿಸಿ, ನೂರಕ್ಕೆ ಮೂರು ಪಾಲು. ಗಾಡಿ ಹಗುರವಾಗಿ ಓಡಿದ್ದು ಆ ಹತ್ತು ಸಿಸಿಯಿಂದಲ್ಲ. ಸವೆದ ಬೋರು ನೆಟ್ಟಗಾಯಿತು, ಪಿಸ್ಟನ್ನಿನ ಸುತ್ತ ಹೊಸ ರಿಂಗು ಕಚ್ಚಿ ಹಿಡಿಯಿತು, ಅದಕ್ಕೆ.

ನನ್ನ ವಾದ ಇರುವುದೇ ಇಲ್ಲಿ. ಈ ಎಂಜಿನ್ ಕಾರ್ಖಾನೆಯಿಂದ ಬಂದಾಗ 18 ಎಚ್‌ಪಿ (ಅಶ್ವಶಕ್ತಿ) ಕೊಡುತ್ತಿತ್ತು. ಇವತ್ತು ನನ್ನ ಅಂಗಡಿಗೆ ಬರುವ ಹಳೇ ಗಾಡಿಗಳಲ್ಲಿ ಅಷ್ಟು ಉಳಿದಿರುವುದೇ ಇಲ್ಲ. ಸಿರುಗುಪ್ಪ ಕಡೆಯ ರೈತರ ಮನೆಯ ಹುಡುಗನೊಬ್ಬ ತನ್ನ ಅಪ್ಪನ ಗಾಡಿಯ ಬ್ಯಾರೆಲ್ ತಂದಿದ್ದ. ಬೋರಿನ ಒಳಗೆ ಉಗುರು ಇಟ್ಟು ಮೇಲ್ತುದಿಯ ಕಡೆಗೆ ಎಳೆ ಅಂದೆ. ರಿಂಗು ಹತ್ತಿ ನಿಲ್ಲುವ ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು, ಅಲ್ಲಿ ಮೆಟ್ಟಿಲೇ ಎದ್ದಿತ್ತು. ಬೋರ್ ಗೇಜ್ ಇಳಿಸಿದರೆ ಮೇಲೊಂದು ಅಳತೆ, ನಡುವೆ ಒಂದು, ಅಡ್ಡ ಹಿಡಿದರೆ ಇನ್ನೊಂದು. ಪಿಸ್ಟನ್ ಪಕ್ಕದಿಂದ ಸುಟ್ಟ ಗಾಳಿ ನುಸುಳಿ ಇಳಿದ ಕಪ್ಪು ಗೆರೆಗಳು ಬುಡದವರೆಗೂ ಇದ್ದವು. ಅವನಿಗೂ ಐನೂರರ ಪಿಸ್ಟನ್ನೇ ಬೇಕಾಗಿತ್ತು. ಕೂರಿಸಿ ಮಾತಾಡಿದೆ. ಮುಂದಿನ ಓವರ್‌ಸೈಜಿಗೆ (ಕೊಂಚ ದೊಡ್ಡ ಪಿಸ್ಟನ್ನಿನ ಅಳತೆಗೆ) ಬೋರ್ ಮಾಡಿ, ಒಳಮೈ ನಯ ಮಾಡುವ ಹೋನಿಂಗ್ ಹೊಡೆದೆ. ವಾಲ್ವ್‌ಗಳನ್ನು ಸೀಟಿಗೆ ಉಜ್ಜಿ ಕೂರಿಸಿದ್ದಾಯಿತು. ಅವನ ಮೆಕ್ಯಾನಿಕ್ ಕಿಡಿ ಕೊಡಿಸುವ ಪಾಯಿಂಟ್‌ಗಳ ಗ್ಯಾಪನ್ನು 0.35ರಿಂದ 0.40 ಮಿ.ಮೀ. ಒಳಗೆ ತಂದು, ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವ ಆಟೋ ಅಡ್ವಾನ್ಸಿನ ಜೋತುಬಿದ್ದ ಸ್ಪ್ರಿಂಗ್ ಬದಲಿಸಿದ. ಟ್ಯಾಪೆಟ್ ಕವರ್ ತೆಗೆದು, ವಾಲ್ವ್ ತೆರೆಸುವ ಕಡ್ಡಿಯಾದ ಪುಶ್‌ರಾಡ್ ಹೇಗಿರಬೇಕು ಅಂತ ಹುಡುಗನಿಗೇ ಮುಟ್ಟಿಸಿ ತೋರಿಸಿದೆವು: ತಣ್ಣಗಿದ್ದಾಗ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಅದೇ ಗಾಡಿ ಇಬ್ಬರನ್ನು ಕೂರಿಸಿಕೊಂಡು ಸಂಡೂರಿನ ಏರನ್ನು ಗೇರ್ ಇಳಿಸದೆ ಹತ್ತಿತು ಅಂತ ಅವನೇ ಬಂದು ಹೇಳಿ ಹೋದ.

ಸಂಡೂರು ಅಂದಮೇಲೆ ಧೂಳಿನ ಮಾತು ಬಿಡುವ ಹಾಗಿಲ್ಲ. ಪವರ್ ಬರುತ್ತದೆ ಅಂತ ಏರ್ ಫಿಲ್ಟರ್ ಡಬ್ಬಿ ಕಿತ್ತು ಕಾರ್ಬುರೇಟರ್ ಬಾಯಿ ಬಿಟ್ಟುಕೊಂಡು ಓಡಿಸುವವರಿದ್ದಾರೆ. ಬೇರೆ ಊರಿನವರು ಏನು ಬೇಕಾದರೂ ಮಾಡಲಿ, ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಾಡುವ ನಾವು ಮಾಡಬಾರದು. ಆ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ಎಣ್ಣೆಯ ಜೊತೆ ಕಲೆತರೆ ಬೋರಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ ಓಡಿಸಿದ ಹಾಗೆ. ಅಂಥ ಬ್ಯಾರೆಲ್ ಒರೆಸಿದ ಬಟ್ಟೆಯ ಮೇಲೆ ಮಸಿಯ ನಡುವೆ ಕೆಂಪು ಬಣ್ಣ ಎದ್ದು ಕಾಣುತ್ತದೆ.

ಕಂಪ್ರೆಷನ್ ಹೆಚ್ಚಿಸುವುದು, ಅಂದರೆ ಪೆಟ್ರೋಲು-ಗಾಳಿಯನ್ನು ಕಿಡಿಗೆ ಮುಂಚೆ ಇನ್ನೂ ಹೆಚ್ಚು ಪಟ್ಟು ಒತ್ತುವ ಹಾಗೆ ಮಾಡುವುದು, ಇನ್ನೊಂದು ಹುಚ್ಚು. ಈ ಎಂಜಿನ್ನಿನ ಕಂಪ್ರೆಷನ್ ಏಳರ ಆಸುಪಾಸು, ಈಗಿನ ಗಾಡಿಗಳಿಗಿಂತ ಕಡಿಮೆ, ನಿಜ. ಸಿಲಿಂಡರಿನ ಮುಚ್ಚಳವಾದ ಹೆಡ್ ಕೆತ್ತಿಸಿದರೆ ಏರುತ್ತದೆ, ಎಳೆತವೂ ಬರುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಎಂಜಿನ್ನಿಗೆ ಇರುವುದು ಗಾಳಿಯ ತಂಪು ಒಂದೇ. ಲೋಡಿನಲ್ಲಿ ಏರು ಹತ್ತುವಾಗ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ಟಕಟಕ ಅನ್ನತೊಡಗಿದರೆ ಪಿಸ್ಟನ್ನಿನ ತಲೆಯೂ ಬಿಗ್ ಎಂಡೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಪಿಸ್ಟನ್ನಿನ ಅಲ್ಯೂಮಿನಿಯಂ ಕಾವಿಗೆ ಹಿಗ್ಗುವುದು ಬ್ಯಾರೆಲ್ಲಿನ ಎರಕದ ಕಬ್ಬಿಣದ ಎರಡರಷ್ಟು. ನಡುವಿನ ಗ್ಯಾಪ್ ಬಿಗಿ ಇಟ್ಟರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುವುದು ಖಂಡಿತ. ಈಗಂತೂ ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಸೇರುತ್ತಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಹಳೇ ಜೆಟ್ ಹಾಗೇ ಬಿಟ್ಟರೆ ಮಿಕ್ಸ್‌ಚರ್ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಪವರಿಗೆ ದುಡ್ಡು ಹಾಕುವ ಮುಂಚೆ ಜೆಟ್ಟು, ರಬ್ಬರ್ ಪೈಪು ನೋಡಿಸಿಕೊಳ್ಳುವುದು ಲೇಸು.

ಬ್ರೇಕಿನ ವಿಚಾರ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುತ್ತದೆ. ಆ ಕಾಲದ ಗಾಡಿಗೆ ಮುಂದೆಯೂ ಡ್ರಮ್ ಬ್ರೇಕೇ. ಎಂಜಿನ್ ಕೆಲಸಕ್ಕೆ ಸಾಲ ಮಾಡಿ ದುಡ್ಡು ತರುವ ಹುಡುಗ, ಡ್ರಮ್ ಓವಲ್ ಆಗಿದೆ, ಲೇತಿಗೆ ಹಾಕಿ ಸರಿ ಮಾಡೋಣ ಅಂದರೆ ‘ಆಮ್ಯಾಲೆ ನೋಡೋಣಣ್ಣ’ ಅನ್ನುತ್ತಾನೆ. 80ರಲ್ಲಿ ಓಡುತ್ತಿದ್ದ ಗಾಡಿ 110ಕ್ಕೆ ಏರಿದರೆ ಅದನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹೊಸಪೇಟೆ ರಸ್ತೆಯಲ್ಲಿ ಟಿಪ್ಪರ್ ಅಡ್ಡ ಬಂದಾಗ ಈ ಲೆಕ್ಕ ಯಾರನ್ನೂ ಬಿಡುವುದಿಲ್ಲ. ಅಂಥ ಮನೆಗಳಿಗೆ ಹೋಗಿ ತಾಯಂದಿರ ಮುಂದೆ ಕೂತು ಬಂದವನು ನಾನು.

ಕಾನೂನೂ ಹುಡುಗರಿಗೆ ಗೊತ್ತಿರಲಿ. ಆರ್‌ಸಿಯಲ್ಲಿ ಎಂಜಿನ್ ಸಿಸಿ ನಮೂದಾಗಿರುತ್ತದೆ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. 350 ಅಂತ ಬರೆದ ಆರ್‌ಸಿ ಇಟ್ಟುಕೊಂಡು 500 ಓಡಿಸಿ ಅಪಘಾತವಾದರೆ ವಿಮೆಯವರ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಸವೆದ ಬೋರನ್ನು ಓವರ್‌ಸೈಜಿಗೆ ತರುವುದು ರಿಪೇರಿ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಎಂಜಿನ್ ಬಿಚ್ಚಿದವರೆಲ್ಲ ಅಪರಾಧಿಗಳಾದರೆ ಈ ಕಸುಬೇ ಉಳಿಯದು.

ನನ್ನ ಕೋರಿಕೆ ಎರಡು. ಹದಿನೈದು ವರ್ಷ ದಾಟಿದ ಬೈಕುಗಳ ಆರ್‌ಸಿ ನವೀಕರಣಕ್ಕೆ ಗಾಡಿ ತಂದಾಗ ಚಾಸಿ ನಂಬರಿನ ಪೆನ್ಸಿಲ್ ಅಚ್ಚಿಗೆ ಎಷ್ಟು ಮಹತ್ವವೋ ಬ್ರೇಕಿಗೂ ಅಷ್ಟೇ ಮಹತ್ವ ಕೊಟ್ಟು, ಓಡಿಸಿ ನಿಲ್ಲಿಸಿ ನೋಡಲಿ. ಮತ್ತೆ, ಜಿಲ್ಲೆಯ ಬೋರಿಂಗ್ ಅಂಗಡಿಗಳವರು ಮಾಡಿದ ಕೆಲಸಕ್ಕೆ ಚೀಟಿ ಕೊಡುವ ರೂಢಿ ಮಾಡಿಕೊಳ್ಳಲಿ. ಬೋರ್ ಎಷ್ಟಿತ್ತು, ಎಷ್ಟಕ್ಕೆ ತಂದೆವು, ಪಿಸ್ಟನ್ ಗ್ಯಾಪ್ ಎಷ್ಟು ಬಿಟ್ಟೆವು, ಇಷ್ಟು ಬರೆದರೆ ಸಾಕು. ನಾನು ಕೊಡುತ್ತಿದ್ದೇನೆ. ಗಿರಾಕಿಗಳೂ ಕೇಳಿ ಪಡೆಯಲಿ, ಕೊಡದವರ ಹತ್ತಿರ ಬ್ಯಾರೆಲ್ ಬಿಟ್ಟು ಬರಬೇಡಿ. ಬೋರಿಗೆ ಬರುವಾಗ ಹೊಸ ಪಿಸ್ಟನ್ನನ್ನೂ ಜೊತೆಗೇ ತನ್ನಿ. ಅದರ ಅಳತೆ ಕೈಯಲ್ಲಿ ಹಿಡಿದೇ ಬೋರ್ ಮಾಡಬೇಕು, ಡಬ್ಬಿಯ ಮೇಲೆ ಅಚ್ಚಾದ ಸೈಜು ನಂಬಿಕೊಂಡು ಮಾಡುವ ಕೆಲಸ ಇದಲ್ಲ.

– ಒಬ್ಬ ಲೇತ್ ಕೆಲಸಗಾರ,
ಕೌಲ್ ಬಜಾರ್, ಬಳ್ಳಾರಿ