ಡ್ರಾಯಿಂಗ್ ಪಿರಿಯಡ್ ಅಂದ್ರ ಪುಕ್ಕಟ ಪಿರಿಯಡ್ ಅಲ್ರಿ

ಸಂಪಾದಕರಿಗೆ ನಮಸ್ಕಾರ,

ಸಂವಿಧಾನ ದಿನದ ಭಾಷಣ ವರ್ಷಾ ಕೇಳ್ತೀವಿ, ಬಾಬಾಸಾಹೇಬರ ಹೆಸರು ಬರ್ತದ, ಬರಲೇಬೇಕು. ಈಗೀಗ ಅದನ್ನ ಕೈಲೆ ಬರದ ಪ್ರೇಮ್ ಬಿಹಾರಿ ರಾಯಜಾದಾ ಅವರ ಹೆಸರೂ ಹೇಳ್ಲಿಕತ್ತಾರ, ಆದ್ರ ಆ ಪುಟಗಳಿಗೆ ಚಿತ್ರ ತಗದವರು ಯಾರು ಅಂತ ಒಬ್ರೂ ಬಾಯಿ ಬಿಡಂಗಿಲ್ಲ. ನಾನು ಮೂವತ್ತು ವರ್ಷ ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಆಗಿದ್ದವ, ಹೊಟ್ಟಿ ಉರೀತದ್ರಿ.

ತಗದವರು ನಂದಲಾಲ್ ಬೋಸ್ ಮತ್ತ ಅವರ ಶಿಷ್ಯರು. 1882ರಾಗ ಬಿಹಾರದ ಮುಂಗೇರ್ ಕಡಿ ಹುಟ್ಟಿದವರು, ಕಲ್ಕತ್ತಾದಾಗ ಅವನೀಂದ್ರನಾಥ ಠಾಕೂರರ ಹತ್ರ ಕಲ್ತರು, ಅಜಂತಾಕ್ಕ ಹೋಗಿ ಗೋಡಿ ಚಿತ್ರ ನೋಡಿ ನೋಡಿ ನಕಲು ತಗದ್ರು. ಪಟ್ಟಣದಾಗ ಪೇಂಟರ್ ಆಗಿ ಆರಾಮ ಇರಬಹುದಿತ್ತು, ರವೀಂದ್ರನಾಥರು ಕರದ್ರು ಅಂತ ಶಾಂತಿನಿಕೇತನಕ್ಕ ಹೋಗಿ ಅಲ್ಲಿನ ಚಿತ್ರಕಲಾ ಸಾಲಿ ಕಲಾಭವನ ನಡೆಸಿದ್ರು, 1951ರ ತನಕ. ಹುಡುಗ್ರು ಅವರಿಗೆ ಮಾಸ್ಟರ್ ಮಶಾಯ್ ಅಂತಿದ್ರು, ನಾವು ಮಾಸ್ತರ್ರೇ ಅಂದಂಗ. ಬರೇ ಕ್ಲಾಸಿನಾಗ ಕುಂದರಿಸಿ ಕಾಪಿ ಹೊಡಸೋದು ಅವರ ಪದ್ಧತಿ ಅಲ್ಲ, ಹೊರಗ ಹೋಗ್ರಿ, ಗಿಡ ನೋಡ್ರಿ, ದನ ನೋಡ್ರಿ, ದುಡಿಯೋ ಮಂದಿ ನೋಡ್ರಿ ಅನ್ನೋದು. ತಾವೂ ಪೋಸ್ಟ್ ಕಾರ್ಡಿನ ಮ್ಯಾಲ ಚಿತ್ರ ತಗದು ಶಿಷ್ಯರಿಗೆ ಕಳಸ್ತಿದ್ರು. ಬಿನೋದ್ ಬಿಹಾರಿ, ರಾಮ್‌ಕಿಂಕರ್ ಬೈಜ್, ಸುಬ್ರಮಣ್ಯನ್ ಇಂಥಾ ದೊಡ್ಡ ಕಲಾವಿದರು ಅವರ ಕೈಯಾಗ ತಯಾರಾದವರು, ಸಿನಿಮಾದ ಸತ್ಯಜಿತ್ ರೇ ಸೈತ ಅಲ್ಲೇ ಕಲ್ತವರು. 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕ ಗಾಂಧೀಜಿ ಹೇಳಿದ್ರಂತ ಡೋಲು ಬಾರಿಸವ, ಪಿಂಜಾರ, ಚಮ್ಮಾರ ಇಂಥವರದ್ದೇ ಪೋಸ್ಟರ್ ಮಾಡಿದ್ರು, ಹಳ್ಳಿ ಮಂದಿ ಹೋಗ್ತಾ ಬರ್ತಾ ನೋಡ್ಲಿ ಅಂತ.

ನನಗ ಭಾಳ ಸೇರೋದು ಏನಂದ್ರ, ಸಂವಿಧಾನದ ಪೀಠಿಕೆ ಪುಟ, ಎಲ್ಲಾರ ಕಣ್ಣಿಗೆ ಬೀಳೋ ಪುಟ, ಅದನ್ನ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾಗ ಬಿಟ್ಟುಕೊಟ್ರು. ಯಾವ ಮಾಸ್ತರ ಬಿಡ್ತಾನ ಹೇಳ್ರಿ!

ಅದೇ ಸಂವಿಧಾನದಾಗ ಅಶೋಕನ ಚಿತ್ರನೂ ಅದ. ಅಶೋಕನ ಹೆಸರು ಬ್ರಾಹ್ಮಿ ಅಕ್ಷರದಾಗ ಕೆತ್ತಿದ ಶಿಲ್ಪ ಎಲ್ಲಿ ಸಿಕ್ಕದ? ನಮ್ಮ ಸನ್ನತಿ ಹತ್ರ ಕನಗನಹಳ್ಳಿಯಾಗ, ಭೀಮಾ ದಂಡಿಗೆ. ನಮ್ ಹುಡುಗ್ರು ಎಷ್ಟು ಮಂದಿ ಡ್ರಾಯಿಂಗ್ ಬುಕ್ ಹಿಡ್ಕೊಂಡು ಅಲ್ಲಿ ಕುಂತಾರ? ನಾನಿದ್ದ ಸಾಲ್ಯಾಗ ಪರೀಕ್ಷಾ ಬಂತಂದ್ರ ನನ್ನ ಪಿರಿಯಡ್ ಗಣಿತಕ್ಕ ಹೋಗ್ತಿತ್ತು, ನಾನು ಸ್ಟಾಫ್ ರೂಮಿನಾಗ ಚಾ ಕುಡ್ಕೋತ ಕುಂದರ್ತಿದ್ದೆ, ನಂದೂ ತಪ್ಪದ, ಜಗಳಾಡಬೇಕಿತ್ತು.

ಸಾಲಿಯವರಿಗೆ ಕೇಳ್ಕೊಳ್ಳೋದು ಇಷ್ಟೇ, ಆ ಪಿರಿಯಡ್ ಡ್ರಾಯಿಂಗಿಗೇ ಬಿಡ್ರಿ, ವರ್ಷಕ್ಕ ಒಂದ್ಸಲ ಸನ್ನತಿಗೆ ಕರಕೊಂಡು ಹೋಗ್ರಿ. ಯಾರರ ಕರದ್ರ ನಾನು ಪೆನ್ಸಿಲ್ ಹಿಡ್ಕೊಂಡು ಬಸ್ ಹತ್ತಲಿಕ್ಕ ತಯಾರಿದೀನಿ, ಬ್ಯಾಸಗಿ ಒಂದು ಬಿಟ್ಟು.

– ನಿವೃತ್ತ ಡ್ರಾಯಿಂಗ್ ಮಾಸ್ತರ, ಚಿತ್ತಾಪುರ, ಕಲಬುರಗಿ ಜಿಲ್ಲಾ